ಮೂರು ಸಾವಿರ ವರ್ಷದ ಗೋಡೆ

ಪ್ರಾಚೀನ ಇತಿಹಾಸ ಓದಲು ಕಾಲೇಜು ಸೇರಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಪಠ್ಯದಲ್ಲಿದ್ದ ಒಂದು ಪ್ರಾಚೀನ ಪಾಳುನಗರದ ಚಿತ್ರವನ್ನು ಮಂಚದ ಪಕ್ಕ ಅಂಟಿಸಿದ್ದೆ. ಅದರ ಒಂದೊಂದು ಬಾಗಿಲೂ ನನಗೆ ಬಾಯಿಪಾಠ. ತರಗತಿಯವರೆಲ್ಲ ಅಲ್ಲಿಗೆ ಪ್ರವಾಸ ಹೊರಟಾಗ ಅಪ್ಪ, "ಹೆಣ್ಣುಮಗಳು ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಪುಸ್ತಕದಲ್ಲೇ ಇದೆಯಲ್ಲ, ನೋಡ್ಕೋ" ಎಂದರು.

ಮುಂದಿನ ತಿಂಗಳು ನನ್ನ ತಮ್ಮ ತನ್ನ ಗೆಳೆಯರ ಜೊತೆ ಅಲ್ಲಿಗೇ ಹೋದ. ಇತಿಹಾಸವೆಂದರೆ ಮೂಗು ಮುರಿಯುವವನು, ನಾನು ಕೊಂಡಿಟ್ಟಿದ್ದ ಬ್ಯಾಗನ್ನೇ ಹೆಗಲಿಗೇರಿಸಿದ. ಅಪ್ಪನೇ ಬಸ್ ಹತ್ತಿಸಿ ಬಂದರು.

ಸಂಜೆ ಫೋನ್ ಮಾಡಿದ. "ಅಕ್ಕಾ, ನಿನ್ನ ಮರೆತಿಲ್ಲ ಕಣೇ. ದೊಡ್ಡ ಬಾಗಿಲ ಪಕ್ಕದ ಗೋಡೇಲಿ ಮೊಳೆ ತಗೊಂಡು ನಿನ್ನ ಹೆಸರು ಕೆತ್ತಿದೀನಿ. ನೀನೂ ಬಂದ ಹಾಗೇ ಆಯ್ತು."

ಮೂರು ಸಾವಿರ ವರ್ಷ ಮಳೆ, ಬಿಸಿಲು, ದಂಡು ದಾಳಿ ಎಲ್ಲ ತಡೆದುಕೊಂಡ ಗೋಡೆ ಅದು. ಅವನು ಕಳಿಸಿದ ಫೋಟೋ ನೋಡಿ ಅಪ್ಪ ನನ್ನ ಬೆನ್ನು ತಟ್ಟಿದರು.

"ತಮ್ಮ ಅಂದ್ರೆ ಹೀಗಿರಬೇಕು ನೋಡು."