ಬಾಯಿ ಮುಚ್ಚಿದ ಭೋಂಗಾ

ನಾನು ಒಂದು ಭೋಂಗಾ. ಸರ್ಕಾರಿ ಕಾಗದದಲ್ಲಿ ನನ್ನ ಹೆಸರು ಧ್ವನಿವರ್ಧಕ. ಅಷ್ಟುದ್ದದ ಹೆಸರು ಹಿಡಿದು ನನ್ನನ್ನು ಕರೆದವರನ್ನು ನಾನಿನ್ನೂ ಕಂಡಿಲ್ಲ. ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ ಅಲ್ಯುಮಿನಿಯಂ ತಗಡನ್ನು ಬಡಿಬಡಿದು, ಉಮ್ಮತ್ತಿ ಹೂವಿನ ಹಾಗೆ ನನಗೆ ಬಾಯಿ ಬಿಡಿಸಿದರು. ಹುಟ್ಟಿದ ದಿನವೇ ಒಬ್ಬ ಪರೀಕ್ಷೆಗೆಂದು ನನ್ನ ಮೂಲಕ 'ಹಲೋ, ಹಲೋ' ಎಂದ. ಎದುರು ಮನೆಯ ತೊಟ್ಟಿಲ ಕೂಸು ಬೆಚ್ಚಿ ಅತ್ತಿತು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ. ದೊಡ್ಡ ದನಿಯೇ ದೊಡ್ಡಸ್ತಿಕೆ ಎಂದು ನಂಬಿ ಬೆಳೆದ ಜೀವ ನನ್ನದು.

ನನ್ನನ್ನು ಕೊಂಡವನು ಬಾಗಲಕೋಟೆ ಸೀಮೆಯ ನೇಕಾರರ ಊರೊಂದರ ಮೈಕಿನ ಹನಮಂತಪ್ಪ. ಮದುವೆಯಲ್ಲಿ ಹಾಡಿದೆ, ಸತ್ತವರ ಮನೆಯಲ್ಲಿ ಭಜನೆ ಮಾಡಿದೆ, ಚುನಾವಣೆ ಬಂದರೆ ಎಲ್ಲ ಪಕ್ಷಗಳಿಗೂ ಒಂದೇ ಗಂಟಲಲ್ಲಿ ಜೈಕಾರ ಹಾಕಿದೆ. ಉಳಿದ ಸಾಮಾನುಗಳು ಮನುಷ್ಯರ ಕಾಲು ನೋಡುತ್ತ ಬಾಳುತ್ತವೆ. ನಾನು ಕಂಬದ ಮೇಲೆ, ಬೇವಿನ ಮರದ ಮೇಲೆ ಕುಳಿತು ನೆತ್ತಿ ನೋಡುತ್ತ ಬಾಳಿದೆ. ಮೇಲಿನಿಂದ ನೋಡಿದರೆ ಸಾಹುಕಾರನ ಬೋಳೂ ಹಮಾಲನ ಬೋಳೂ ಒಂದೇ ತರಹ ಹೊಳೆಯುತ್ತವೆ.

ಒಂದು ಬೀಗರೂಟದ ದಿನ, ರಾತ್ರಿ ಹತ್ತು ಗಂಟೆ ದಾಟಿದ ಮೇಲೂ ನಾನು ಹಾಡುತ್ತಿದ್ದೆ. ಹೊತ್ತು ಮೀರಿ ಕೂಗಬಾರದೆಂಬ ಕಾಯ್ದೆ ಇದೆಯಂತೆ. ಪೊಲೀಸರು ನನ್ನನ್ನು ಇಳಿಸಿ ಠಾಣೆಗೆ ಒಯ್ದರು. ಹನಮಂತಪ್ಪ ಅಷ್ಟರಲ್ಲಿ ಹೊಸ ಪೆಟ್ಟಿಗೆ ಸ್ಪೀಕರುಗಳಿಗೆ ಮನಸೋತಿದ್ದ. ಬಿಡಿಸಿಕೊಳ್ಳಲು ಬರಲೇ ಇಲ್ಲ. ಕೇಸು ಮುಗಿದ ಮೇಲೆ ನನ್ನನ್ನು ಠಾಣೆಯ ಜೀಪಿನ ನೆತ್ತಿಗೆ ಬಿಗಿದರು. ಆರೋಪಿಯಾಗಿ ಒಳಗೆ ಹೋದವರು ಪೊಲೀಸರಾಗಿ ಹೊರಗೆ ಬಂದದ್ದು ಆ ಠಾಣೆಯಲ್ಲಿ ನಾನೊಬ್ಬನೇ ಇರಬೇಕು.

ಆ ಜೀಪಿನಲ್ಲಿ ನನ್ನ ಯಜಮಾನಿ ಹೆಡ್ ಕಾನ್‌ಸ್ಟೇಬಲ್ ಹಸೀನಾ ನದಾಫ. ನಾನು ಕಂಡ ಮನುಷ್ಯರಲ್ಲಿ ಅವಳಷ್ಟು ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಮೈಕು ಹಿಡಿದರೂ ಪಕ್ಕದ ಮನೆಯವರೊಡನೆ ಮಾತಾಡಿದಂತೆಯೇ. 'ಕೂಗಾಕ ಭೋಂಗಾ ಐತೆಲ್ಲ, ನಾ ಯಾಕ ಕೂಗ್ಲಿ' ಎನ್ನುತ್ತಿದ್ದಳು. ಮೊದಮೊದಲು ನನಗೆ ಅವಳ ಮೇಲೆ ಸಿಟ್ಟಿತ್ತು. ಆಮೇಲೆ ಅವಳನ್ನು ಕಂಡರೆ ನನಗೆ ಎಲ್ಲಿಲ್ಲದ ಗೌರವ ಹುಟ್ಟಿತು. ಅದು ಹುಟ್ಟಿದ ದಿನದ ಕಥೆಯನ್ನೇ ಹೇಳಬೇಕು.

ಅಂದು ಬನದ ಹುಣ್ಣಿಮೆ. ನಮ್ಮೂರ ನೇಕಾರರು ಆ ದಿನ ಮಗ್ಗ ಮುಟ್ಟುವುದಿಲ್ಲ. ದೇವಿಯ ದಿನ, ಮಗ್ಗಕ್ಕೂ ವಿಶ್ರಾಂತಿ ಎಂಬುದು ಅವರ ವಾಡಿಕೆ. ವರ್ಷವಿಡೀ ಖಟಪಟ ಎನ್ನುವ ಓಣಿ ಅಂದು ಮೌನವಾಗಿರುತ್ತದೆ. ಆ ಓಣಿಯ ಪಾಂಡಪ್ಪನ ಮನೆಗೆ ಮಗಳು ಶಾಕಂಬರಿಯನ್ನು ನೋಡಲು ಬೀಗರಾಗುವವರು ಬಂದಿದ್ದರು. ಪಾಂಡಪ್ಪನಿಗೆ ಒಬ್ಬ ಮಗನೂ ಇದ್ದ, ವಿರೂಪಾಕ್ಷಿ. ಇಪ್ಪತ್ತನಾಲ್ಕರ ಪ್ರಾಯ, ಮಾತು ಬರದು, ಬುದ್ಧಿ ಚಿಕ್ಕ ಮಗುವಿನದು. ದಿನವಿಡೀ ಮಗ್ಗದ ಪಕ್ಕ ಕುಳಿತು ನೂಲು ಸುತ್ತಿದ ಕಂಡಿಕೆಗಳನ್ನು ಬುಟ್ಟಿಗೆ ಜೋಡಿಸುವುದು, ಮಗ್ಗದ ಸದ್ದಿಗೆ ತಲೆದೂಗುವುದು ಅವನ ಬದುಕು. ಓಣಿಯವರಾಗಲಿ ನೆಂಟರಾಗಲಿ ಬಾಗಿಲಿಗೆ ಬಂದರೆ ಅವನನ್ನು ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಮುಂದಕ್ಕೆಳೆಯುತ್ತಿದ್ದರು. ಅಂದು ಮಧ್ಯಾಹ್ನ ಆ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಪಾಂಡಪ್ಪ ಎಲೆ ಅಡಿಕೆ ತರುತ್ತೇನೆಂದು ನೆಂಟರಿಗೆ ಹೇಳಿ ನಮ್ಮ ಠಾಣೆಗೆ ಬಂದ. ಅವನ ಓಣಿ ಸೇರಿದ್ದು ಬೇರೆ ಠಾಣೆಗೆ. ಅಲ್ಲಿಗೆ ಹೋದರೆ ಓಣಿಯವರ ಕಣ್ಣಿಗೆ ಬೀಳುತ್ತೇನೆಂದು ದೂರದ ನಮ್ಮಲ್ಲಿಗೆ ಬಂದಿದ್ದ. ಮಗ ಸಿಟ್ಟು ಮಾಡಿಕೊಂಡು ಮನೆ ಬಿಟ್ಟಿದ್ದಾನೆ ಎಂದ. ಇಪ್ಪತ್ತನಾಲ್ಕು ತಾಸು ಕಾಯಬೇಕಂತಲ್ಲ, ನಾಳೆ ಬರೆದುಕೊಂಡರೂ ನಡೆದೀತು ಎಂದೂ ತಾನೇ ಸೇರಿಸಿದ.

ಹಸೀನಾ ಕುರ್ಚಿ ಎಳೆದು ಅವನನ್ನು ಕೂಡಿಸಿದಳು. 'ಕಾಕಾ, ಕಾಯಬೇಕಂತ ಯಾವ ಕಾಯ್ದೆದಾಗೂ ಇಲ್ಲ. ಯಾರ ಹಬ್ಬಿಸ್ಯಾರೋ ಏನೋ. ಯಾವ ಠಾಣೆಗೆ ಬಂದ್ರೂ ಬರಕೋಬೇಕು, ಗಡಿ ಆಮ್ಯಾಲೆ ನೋಡೂಣು' ಎಂದಳು. ಬರೆದುಕೊಳ್ಳುತ್ತ, ಹುಡುಗನಿಗೆ ಮೈಯಲ್ಲಾಗಲಿ ಬುದ್ಧಿಯಲ್ಲಾಗಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ಪಾಂಡಪ್ಪ ನೆಲ ನೋಡುತ್ತ ಇಲ್ಲವೆಂದ. ನಮ್ಮ ಓಣಿಯಲ್ಲಿ ಮಾತ್ರ ಕೂಗಿಸಬೇಡಿ ಎಂದು ಕೈ ಮುಗಿದ.

ಪಾಂಡಪ್ಪನನ್ನು ಹಿಂದೆ ಕೂಡಿಸಿಕೊಂಡು ಜೀಪು ಹೊರಟಿತು. ಬಸ್ ನಿಲ್ದಾಣ, ಸಂತೆ ಬಯಲು, ಕಾಲುವೆಯ ರಸ್ತೆ ಎಲ್ಲೆಡೆ ನಾನು ಎದೆಯುಬ್ಬಿಸಿ ಕೂಗಿದೆ: ನೀಲಿ ಅಂಗಿಯ ವಿರೂಪಾಕ್ಷಿ ಎಲ್ಲಿದ್ದರೂ ಠಾಣೆಗೆ ಬರಬೇಕು. ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಹೋಗುತ್ತಿದ್ದವು. ನಾನು ಅವುಗಳನ್ನೂ ಮೀರಿಸಿದೆ. ಕಾಲುವೆಯ ಸೇತುವೆ ಹತ್ತಿರವಾಗುವಾಗ ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಓಡಿಬಂದು ಜೀಪಿಗೆ ಅಡ್ಡ ನಿಂತಳು. ಅವಳೇ ಶಾಕಂಬರಿ. ನೋಡಲು ಬಂದವರನ್ನು ಹಾಗೆಯೇ ಬಿಟ್ಟು ನನ್ನ ದನಿಯ ಬೆನ್ನು ಹತ್ತಿ ಬಂದಿದ್ದಳು.

'ಮೇಡಂ, ಅದನ್ನ ಬಂದ್ ಮಾಡ್ರಿ. ನಮ್ಮಣ್ಣ ಜೋರ್ ದನಿಗೆ ಭಾಳ ಅಂಜತಾನ. ಅವಗ ಮಾತ ಬರೂದಿಲ್ಲ. ಇದನ್ನ ಕೇಳಿದ್ರ ಇನ್ನೂ ದೂರ ಹೋಗ್ತಾನ.'

ಹಸೀನಾ ನನ್ನ ಗುಂಡಿ ಒತ್ತಿ ಆರಿಸಿದಳು. ಅಷ್ಟು ಹೊತ್ತು ನಾನು ಹುಡುಕುತ್ತಿದ್ದೇನೆಂದುಕೊಂಡಿದ್ದೆ, ಮಾಡಿದ್ದು ಅಟ್ಟುವ ಕೆಲಸ. ಜೀಪಿನ ಹಿಂದೆ ಕುಳಿತಿದ್ದ ಪಾಂಡಪ್ಪನನ್ನು ಅವಳು ಬೈಯುವಳೆಂದು ಕಾದೆ. ಬೈಯಲಿಲ್ಲ.

'ಕಾಕಾ, ನೀವು ಮುಚ್ಚಿಟ್ರಿ, ನಾವು ಬ್ಯಾರೆ ಮನಷ್ಯಾನ್ನ ಹುಡಿಕಿದ್ವಿ' ಎಂದಳಷ್ಟೆ. ಆಮೇಲೆ ಅವನಿಗೆ ಯಾವುದು ಇಷ್ಟ, ಯಾವುದಕ್ಕೆ ಅಂಜಿಕೆ, ಮುಟ್ಟಿದರೆ ಸಹಿಸುತ್ತಾನೆಯೇ, ಹೆಸರು ಕರೆದರೆ ತಿರುಗುತ್ತಾನೆಯೇ ಎಂದು ಒಂದೊಂದಾಗಿ ಕೇಳಿದಳು. ಹೇಳುತ್ತ ಹೋದವಳು ಶಾಕಂಬರಿ. ಅದೆಲ್ಲ ಆಗಿಂದಾಗ ವೈರ್‌ಲೆಸ್ಸಿನಲ್ಲಿ ಸುತ್ತಲಿನ ಠಾಣೆಗಳಿಗೂ ಆಸ್ಪತ್ರೆಗೂ ಹೋಯಿತು. ಕಾಯ್ದೆ ಎಂದರೆ ಕಪಾಟಿನಲ್ಲಿ ಮಲಗುವ ದಪ್ಪ ಪುಸ್ತಕವೆಂದು ನಾನು ತಿಳಿದಿದ್ದೆ. ಅದಕ್ಕೂ ಕಾಲಿವೆ, ಓಡುವವರು ಸಿಕ್ಕರೆ ಓಡುತ್ತದೆ ಎಂಬುದನ್ನು ಅಂದು ಕಂಡೆ.

ಜೀಪನ್ನು ನೇಕಾರರ ಓಣಿಗೆ ತಿರುಗಿಸಲು ಹಸೀನಾ ಡ್ರೈವರನಿಗೆ ಹೇಳಿದಳು. ಹುಡುಗ ಕಾಲುನಡಿಗೆಯಲ್ಲಿ ದೂರ ಹೋಗಿರಲಾರ, ಓಣಿಯವರೇ ಹುಡುಕಬೇಕು, ಅದಕ್ಕೆ ಅವರಿಗೆ ನಿಜ ಗೊತ್ತಿರಬೇಕು ಎಂದಳು. ನನ್ನ ದನಿಯನ್ನು ಪೂರಾ ಇಳಿಸಿ, ಮೈಕನ್ನು ಪಾಂಡಪ್ಪನ ಕೈಗೆ ಕೊಟ್ಟಳು. ಅವನ ಮನೆಯ ಕಟ್ಟೆಯ ಮೇಲೆ ಬೀಗರಾಗುವವರು ಬಂದು ನಿಂತಿದ್ದರು. ಪಾಂಡಪ್ಪ ಒಮ್ಮೆ ಅವರನ್ನು ನೋಡಿದ, ಒಮ್ಮೆ ಮಗಳನ್ನು ನೋಡಿದ. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದ.

'ನಾ ಪಾಂಡಪ್ಪ ಮಾತಾಡೂದು' ಎಂದ. 'ನನ್ನ ಮಗಾ ವಿರೂಪಾಕ್ಷಿ ಕಾಣವಲ್ಲ. ಅವಗ ಮಾತ ಬರೂದಿಲ್ಲ, ಬುದ್ಧಿ ಕೂಸಿನಂಗ. ಇಷ್ಟ ವರ್ಷ ನಾ ಯಾರಿಗೂ ಹೇಳಿದ್ದಿಲ್ಲ. ಕಂಡ್ರ ಕೂಗಬ್ಯಾಡ್ರಿ, ಹಿಡೀಬ್ಯಾಡ್ರಿ. ನಂಗ ಹೇಳ್ರಿ.'

ನನ್ನ ಜನ್ಮದಲ್ಲಿ ನಾನು ಆಡಿದ ಮಾತುಗಳಲ್ಲೆಲ್ಲ ಇದೇ ಚಿಕ್ಕದು, ಇದೇ ಮೆಲ್ಲನೆಯದು. ಇಷ್ಟು ದೂರ ಹೋದ ಮಾತನ್ನು ನಾನು ಬೇರೆ ಆಡಿಲ್ಲ.

ಬಟ್ಟೆ ಒಗೆದು ಬರುತ್ತಿದ್ದ ಕಾಶವ್ವ ಎಂಬ ಮುದುಕಿ ಬಕೆಟ್ಟು ಕೆಳಗಿಟ್ಟಳು. ಸೇತುವೆಯ ಕೆಳಗೆ ಒಬ್ಬ ಕಿವಿ ಮುಚ್ಚಿಕೊಂಡು ನೀರಲ್ಲಿ ನಿಂತಿದ್ದ, ಕುಡಿದವನಿರಬೇಕೆಂದು ತಾನು ಸುಮ್ಮನೆ ಬಂದೆ ಎಂದಳು.

ಕಾಲುವೆ ಓಣಿಯ ಬೆನ್ನಿಗೇ ಇದೆ. ಸೇತುವೆಯ ಮೇಲೆ ನಿಂತ ಜೀಪಿನಿಂದ ನಾನು ಅವನನ್ನು ಕಂಡೆ. ನೀರು ಅವನ ಮೊಣಕಾಲಿಗಿತ್ತು. ಎರಡು ಮಾರು ಆಚೆ ಸೆಳವು. ಪಾಂಡಪ್ಪ ಒಂದು ಹೆಜ್ಜೆ ಇಳಿದರೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಹಸೀನಾ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿದಳು. ಈಜು ಬಲ್ಲ ಇಬ್ಬರನ್ನು ಕೆಳಗಿನ ತಿರುವಿಗೆ ಕಳಿಸಿದಳು, ಡ್ರೈವರನನ್ನು ಅಟ್ಟಿ ರಸ್ತೆಯ ಟ್ರ್ಯಾಕ್ಟರುಗಳನ್ನೂ ಹಾಡುಗಳನ್ನೂ ನಿಲ್ಲಿಸಿದಳು.

'ಅಪ್ಪಾ, ಮಗ್ಗಾ ಹಚ್ಚು' ಎಂದಳು ಶಾಕಂಬರಿ. 'ಅಂವ ಮುಂಜಾನಿಂದ ಅದನ್ನ ಹುಡಿಕ್ಯಾಡಾಕತ್ಯಾನ.'

ಪಾಂಡಪ್ಪ ಅಳುಮೋರೆಯಲ್ಲಿ ಇವತ್ತು ಹುಣ್ಣಿಮೆ ಎಂದ. ಆಗ ಹಿಂದಿನಿಂದ ಮಾತಾಡಿದವನು, ಓಣಿಯವರ ಜೊತೆ ಬಂದಿದ್ದ ವರನ ತಂದೆ ಸಂಕಣ್ಣ. ಅವನೂ ನೇಕಾರನೇ.

'ಬೀಗರ, ಮಗನಿಗಾಗಿ ಹಚ್ಚಿದ ಮಗ್ಗಕ್ಕ ದೇವಿ ಸಿಟ್ಟಾಗೂದಿಲ್ಲ. ನೀವು ಇಲ್ಲೇ ನಿಂದರ್ರಿ. ನಾ ಹಚ್ಚತೀನಿ.'

ಬೀಗರ ಎಂದ ಮಾತು ಪಾಂಡಪ್ಪನ ಕಿವಿಗೆ ಬಿತ್ತೋ ಇಲ್ಲವೋ, ನನಗಂತೂ ಬಿತ್ತು.

ಸ್ವಲ್ಪ ಹೊತ್ತಿಗೆ ಓಣಿಯ ಕಡೆಯಿಂದ ಒಂದು ಮಗ್ಗ ಖಟಪಟ ಎಂದಿತು. ಪಕ್ಕದ ಮನೆಯದೂ ಶುರುವಾಯಿತು, ಅದರಾಚೆಯದೂ. ಸದ್ದು ನೀರಿನ ಮೇಲೆ ಹಾಯ್ದು ಬಂತು. ವಿರೂಪಾಕ್ಷಿ ಒಂದು ಕಿವಿಯಿಂದ ಕೈ ತೆಗೆದ, ಆಮೇಲೆ ಇನ್ನೊಂದರಿಂದ. ತಲೆದೂಗಿದ. ಯಾರನ್ನೂ ನೋಡದೆ ನೀರಿನಿಂದ ಹತ್ತಿ, ಅಪ್ಪನ ಪಕ್ಕದಲ್ಲೇ ಹಾಯ್ದು ಮನೆಯ ದಾರಿ ಹಿಡಿದ. ಪಾಂಡಪ್ಪ ಅವನ ಹಿಂದೆ ಬಾಯಿಗೆ ಟವೆಲ್ ಒತ್ತಿಕೊಂಡು ನಡೆದ. ಹಸೀನಾ ಜೀಪಿಗೆ ಒರಗಿ ಕಣ್ಣೊರೆಸಿಕೊಂಡಳು, ಆಮೇಲೆ ವೈರ್‌ಲೆಸ್ಸಿನಲ್ಲಿ ಎಲ್ಲ ಠಾಣೆಗೂ ಹುಡುಗ ಸಿಕ್ಕ ಸುದ್ದಿ ಹೇಳಿದಳು.

ಶಾಕಂಬರಿಯ ಮದುವೆ ಸಂಕಣ್ಣನ ಮನೆಗೇ ಆಯಿತು. ನನಗೆ ವಯಸ್ಸಾಯಿತು. ಒಳಗಿನ ಪರದೆ ಹರಿದು ದನಿ ಗೊಗ್ಗರಾಯಿತು. ಜೀಪಿಗೆ ಹೊಸದು ಬಂದಾಗ ಠಾಣೆಯವರು ಹಳೆಯ ಸಾಮಾನು ಹರಾಜು ಹಾಕಿದರು. ನನ್ನನ್ನು ಕೂಗಿ ಕೊಂಡವನು ಪಾಂಡಪ್ಪ.

ಈಗ ನಾನು ಅವನ ಮಗ್ಗದ ಮನೆಯ ಮೂಲೆಯಲ್ಲಿ, ಮೊದಲ ಸಲ ನೆಲದ ಮೇಲೆ, ಬಾಯಿ ಮೇಲಾಗಿ ಕುಳಿತಿದ್ದೇನೆ. ವಿರೂಪಾಕ್ಷಿ ಮೊದಲು ನನ್ನನ್ನು ಕಂಡು ಗೋಡೆಗೆ ಅಂಟಿಕೊಳ್ಳುತ್ತಿದ್ದ. ನಾನು ತುಟಿ ಪಿಟಕ್ಕೆನ್ನದ್ದು ನೋಡಿ ನೋಡಿ, ಒಂದು ದಿನ ಒಂದು ಕಂಡಿಕೆ ತಂದು ನನ್ನ ಬಾಯೊಳಗಿಟ್ಟು ದೂರ ಸರಿದ. ಮರುದಿನ ಇನ್ನೊಂದಿಟ್ಟ. ಈಗ ನನ್ನ ಬಾಯಿ ತುಂಬ ಬಣ್ಣದ ನೂಲು. ಊರನ್ನೇ ನಡುಗಿಸಿದ ನನಗೆ ಇಷ್ಟು ಮರ್ಯಾದೆ ಯಾವ ಕಂಬದ ಮೇಲೂ ಸಿಕ್ಕಿರಲಿಲ್ಲ.

ನಿನ್ನೆ ಸೀರೆ ಕೊಳ್ಳಲು ಬಂದ ಪರವೂರಿನವರು, ಮಗ್ಗದ ಪಕ್ಕ ತಲೆದೂಗುತ್ತ ಕುಳಿತವನು ಯಾರು ಎಂದು ಕೇಳಿದರು. ಮಗ್ಗ ಜೋರಾಗಿ ಓಡುತ್ತಿತ್ತು. ಪಾಂಡಪ್ಪ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಲಿಲ್ಲ.

'ನನ್ನ ಮಗಾರೀ' ಎಂದ. ಅದನ್ನು ಹೇಳಲು ಅವನಿಗೆ ಈಗ ಭೋಂಗಾ ಬೇಕಿಲ್ಲ.