ಮನೆಯವರ ವಾಚಿಗೆ ನಂಬರಿಲ್ಲ

ಹಳೇಮಾಲಿನ ಅಂಗಡಿಯ ಬಾಗಿಲು ತಳ್ಳಿದ ಕೂಡಲೇ ಅತ್ತೆಗೆ ಎದುರಾದದ್ದು ಮಾಲೂ ಅಲ್ಲ, ಮಾಲೀಕನೂ ಅಲ್ಲ, ವಾಸನೆ. ಬೆವರು ಕುಡಿದ ಹಳೆಯ ಚರ್ಮ, ಮುಗ್ಗಲು ಹಿಡಿದ ಬಟ್ಟೆ, ನಿನ್ನೆಯೋ ಮೊನ್ನೆಯೋ ಯಾರೋ ಅರ್ಧ ಕುಡಿದಿಟ್ಟ ಚಹಾ, ಇವೆಲ್ಲದರ ಮೇಲೆ ಮುಚ್ಚಳ ಹಾಕಿದ ಹಾಗೆ ಎರಚಿದ ಅಗ್ಗದ ಸೆಂಟು. ಅವಳು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು.

"ಉಸಿರು ಬಿಗಿ ಹಿಡ್ಕೋ ಅತ್ತೆ, ಐದು ನಿಮಿಷದ ಕೆಲಸ" ಎಂದ, ಹಿಂದಿನಿಂದ ಬಂದ ಅಣ್ಣನ ಮಗ.

"ಐದು ನಿಮಿಷ ಬಿಗಿ ಹಿಡಿದ್ರೆ ಆಮೇಲೆ ನನ್ನನ್ನೂ ಹಳೇಮಾಲು ಅಂತ ಇಲ್ಲೇ ಮಾರ್ಬೇಕಾಗುತ್ತೆ."

ಅವಳು ಅತ್ತೆಯಾದದ್ದು ಈ ಒಬ್ಬನಿಗೇ ಆದರೂ ಬೀದಿಯೆಲ್ಲ ಅವಳನ್ನು ಕರೆಯುವುದು ಹಾಗೆಯೇ. ಹತ್ತನೇ ವಯಸ್ಸಿನಿಂದ ಅಪ್ಪನ ರಿಪೇರಿ ಅಂಗಡಿಯಲ್ಲಿ ವಾಚು ತೊಳೆದವಳು. ಅಪ್ಪ ಬಿಚ್ಚಿ ಕೊಡುತ್ತಿದ್ದ, ಇವಳು ಪೆಟ್ರೋಲಿನ ಬಟ್ಟಲಲ್ಲಿ ಬ್ರಷ್ಷಾಡಿಸಿ ತೊಳೆಯುತ್ತಿದ್ದಳು. ಊರಿನವರ ಮಣಿಕಟ್ಟಿನ ಕೊಳೆಯೆಲ್ಲ ಅವಳಿಗೆ ಮುಖಪರಿಚಯ. ಬೇಕರಿಯವನ ಕೊಳೆ ಬೇರೆ, ಡ್ರೈವರನ ಕೊಳೆ ಬೇರೆ, ಮೇಷ್ಟರ ಕೊಳೆಯಲ್ಲಂತೂ ಸೀಮೆಸುಣ್ಣ ಕಾಣುತ್ತಿತ್ತು. ಅಪ್ಪ ಹೋದ ಮೇಲೆ ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲ ಅವಳೊಬ್ಬಳದೇ.

ಅಂಥವಳ ಮೇಜಿನಿಂದಲೇ ಹತ್ತೊಂಬತ್ತು ವರ್ಷದ ಹಿಂದೆ ಅವಳ ಅಣ್ಣನ ವಾಚು ಕಾಣೆಯಾಗಿತ್ತು. ತೊಳೆದುಕೊಡು ಎಂದು ಅಣ್ಣ ಬೆಳಿಗ್ಗೆ ಕೊಟ್ಟುಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಇಟ್ಟ ಜಾಗದಲ್ಲಿ ಇರಲಿಲ್ಲ. ಅಣ್ಣ ಒಂದು ಮಾತೂ ಆಡಲಿಲ್ಲ. ಅವನ ಪಾಲಿನ ಮಾತನ್ನೂ ಸೇರಿಸಿ ಅತ್ತಿಗೆ ಆಡಿದಳು. "ವಾಚಿಗೇನು ಕಾಲು ಬಂದು ನಡ್ಕೊಂಡು ಹೋಯ್ತಾ?" ಎಂದಳು. ಅಂದಿನಿಂದ ಇವಳು ಅಣ್ಣನ ಮನೆಗೆ ಹೋದಾಗಲೆಲ್ಲ ಅತ್ತಿಗೆ ಸದ್ದಿಲ್ಲದೆ ಎದ್ದುಹೋಗಿ ಬೀರುವಿನ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನನ್ನು ಮಣ್ಣುಮಾಡಿ ಬಂದ ದಿನವೂ ಆ ಕೀ ಸೊಂಟದಲ್ಲೇ ಇತ್ತು. ಅತ್ತೆ ಅದನ್ನು ನೋಡಿದ್ದಳು.

ಹೀಗಿರುವಾಗ ಅಣ್ಣನ ಮಗ ಬಂದು "ಅತ್ತೆ, ಅಪ್ಪನ ವಾಚು ಸಿಕ್ಕಿದೆ, ಅದೇ ಹೌದು ಅಂತ ನೀನೊಮ್ಮೆ ನೋಡಿ ಹೇಳಿದ್ರೆ ತಗೋತೀನಿ" ಎಂದರೆ ಅವಳು ವಾಸನೆಗೆ ಹೆದರಿ ಮನೆಯಲ್ಲಿ ಕೂರುವುದುಂಟೇ?

ಅಂಗಡಿಯವನಿಗೆ ಪೇಟೆಯಲ್ಲಿದ್ದ ಹೆಸರು ಬೆಣ್ಣೆಬಾಯಿ. ಕುರ್ಚಿ ಎಳೆದುಕೊಟ್ಟ, ಅದರ ಮೇಲಿನ ಧೂಳನ್ನು ತನ್ನ ತೋಳಿನಿಂದಲೇ ಒರೆಸಿದ. ಅವನ ಬಲಗೈಯ ಕಿರುಬೆರಳಿನ ಉಗುರು ಒಂದಿಂಚು ಬೆಳೆದಿತ್ತು. ಮಾತಾಡುತ್ತಲೇ ಅದನ್ನು ಕಿವಿಗೆ ತೂರಿಸಿ ತಿರುವುವುದು, ಹೊರಗೆ ತೆಗೆದು ಒಮ್ಮೆ ನೋಡುವುದು, ಮತ್ತೆ ತೂರಿಸುವುದು ಅವನ ಅಭ್ಯಾಸ.

"ಬನ್ನಿ ಅಕ್ಕಾ. ನಿಮ್ಮ ತಂದೆ ಕೈಯೆಂದ್ರೆ ಕೈ. ಅವರು ಮುಟ್ಟಿದ ವಾಚು ನೋಡಿದ್ರೆ ಈಗಲೂ ನಾನು ನಿಂತ್ಕೊಂಡೇ ಮಾತಾಡ್ಸೋದು."

"ಕೂತ್ಕೊಂಡೇ ತೋರಿಸಿ" ಎಂದಳು ಅತ್ತೆ.

ಅವನು ವಾಚು ತೆಗೆದು ಗಾಜಿನ ಮೇಲೆ ಹಾ ಎಂದು ಬಾಯುಸಿರು ಬಿಟ್ಟು ಅಂಗಿಯ ಚುಂಗಿನಿಂದ ಉಜ್ಜಿ ಕೊಟ್ಟ. ಆ ಉಸಿರಿನ ಬಿಸಿ ಇನ್ನೂ ಗಾಜಿನ ಮೇಲಿತ್ತು. ಅತ್ತೆ ಅದು ಆರುವವರೆಗೆ ಕಾದು ಆಮೇಲೆ ಮುಟ್ಟಿದಳು.

ಅದೇ ಕಂಪನಿ, ಅದೇ ಕೆನೆಬಣ್ಣಕ್ಕೆ ತಿರುಗಿದ ಡಯಲ್ಲು, ಎಲೆಯ ಆಕಾರದ ಅದೇ ಮುಳ್ಳುಗಳು. ಕಿವಿಗಿಟ್ಟುಕೊಂಡಳು. ಸದ್ದು ಸಮನಾಗಿತ್ತು. ತಿರುಗಿಸಿದರೆ ಬೆನ್ನ ಮೇಲೆ, ಅಪ್ಪ ಕೆತ್ತಿಕೊಟ್ಟಿದ್ದ ಹಾಗೆಯೇ, ಅಣ್ಣನ ಹೆಸರಿನ ಎರಡಕ್ಷರ. ಅಕ್ಷರಗಳ ಗೀರಿನೊಳಗೆ ಹಳದಿಗಪ್ಪು ಕೊಳೆ ಮೆತ್ತಿಕೊಂಡಿತ್ತು. ಇದೇ ಇದು, ಇದನ್ನು ಒಯ್ದು ಅತ್ತಿಗೆಯ ಅಂಗೈಯಲ್ಲಿ ಇಟ್ಟುಬಿಡಬೇಕು, ಆ ಕೀಯ ಕಥೆ ಇವತ್ತಿಗೆ ಮುಗಿಯಬೇಕು ಎಂದು ಅವಳ ಮನಸ್ಸು ಆಗಲೇ ಅರ್ಧ ದಾರಿ ಓಡಿಹೋಗಿತ್ತು.

ಓಡಿದ ಮನಸ್ಸನ್ನು ವಾಪಸು ಕರೆದು, ಚೀಲದಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ತೆಗೆದಳು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀರಿದ ಪುಟ್ಟ ನಂಬರೊಂದಿತ್ತು.

"ಅಜ್ಜನ ಕೈಬರಹ ಅಲ್ವಾ ಅತ್ತೆ? ಏಳರ ನಡುವೆ ಅಡ್ಡಗೀರು ಎಳೆದು ಸೊಂಟಪಟ್ಟಿ ಕಟ್ಟೋದು ಅಜ್ಜನೇ ಅಲ್ವಾ?" ಅಣ್ಣನ ಮಗ ಅವಳ ಭುಜದ ಮೇಲೆ ಬಗ್ಗಿದ.

"ಹೌದು. ಅಪ್ಪನದೇ ಕೈ."

"ನೋಡಿದ್ರಾ! ಇನ್ನೇನು ಬೇಕು ಅಕ್ಕಾ?" ಎಂದ ಬೆಣ್ಣೆಬಾಯಿ.

"ಇದು ಬೇಡವಾಗಿತ್ತು" ಎಂದಳು ಅತ್ತೆ.

ಇಬ್ಬರಿಗೂ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅಪ್ಪ ನಂಬರು ಗೀರುತ್ತಿದ್ದದ್ದು ಹೊರಗಿನವರ ವಾಚಿಗೆ, ಒಬ್ಬರದು ಇನ್ನೊಬ್ಬರಿಗೆ ಹೋಗದಿರಲೆಂದು. ಮನೆಯವರ ವಾಚಿಗೆ ಯಾವತ್ತೂ ಗೀರಿದವನಲ್ಲ. "ನನ್ನ ಮಕ್ಕಳನ್ನ ಗುರುತು ಹಿಡಿಯೋಕೆ ನಂಗೆ ನಂಬರು ಬೇಕಾ?" ಎನ್ನುತ್ತಿದ್ದ. ಅಣ್ಣನ ವಾಚಿನ ಒಳಮೈ ಕೊನೆಯವರೆಗೂ ಕನ್ನಡಿಯ ಹಾಗೆ ಬರಿದಾಗಿತ್ತು. ಎಷ್ಟೋ ಸಲ ಅದನ್ನು ತೊಳೆದವಳು ಅವಳೇ.

"ಇದು ನಮ್ಮ ಅಂಗಡಿಗೆ ಬಂದಿದ್ದ ವಾಚು ನಿಜ. ನಮ್ಮ ಮನೆಯದಲ್ಲ."

ಬೆಣ್ಣೆಬಾಯಿಯ ಕಿರುಬೆರಳು ಕಿವಿಯೊಳಗೇ ನಿಂತಿತು. "ಒಂದು ಸಲ ಮರೆತು ಹಾಕಿರ್ತಾರೆ ಬಿಡಿ ಅಕ್ಕಾ. ಅಕ್ಷರ ಸುಳ್ಳು ಹೇಳುತ್ತಾ? ಆ ಕೊಳೆ ನೋಡಿ, ವರ್ಷಗಟ್ಟಲೆ ಮೈಗೆ ಉಜ್ಜಿ ಕೂತಿದ್ದು."

ಅತ್ತೆ ಮುಚ್ಚಳವನ್ನು ಹೊರಮಗ್ಗುಲಿಗೆ ತಿರುಗಿಸಿ, ಮರದ ಕಡ್ಡಿಯ ತುದಿಯಿಂದ ಮೊದಲಕ್ಷರವನ್ನು ಕೆದಕಿದಳು. ಮಣಿಕಟ್ಟಿನ ಕೊಳೆ ಒಣಗಿ ಪುಡಿಯಾಗುತ್ತದೆ. ಇದು ಪುಡಿಯಾಗಲಿಲ್ಲ, ಮೇಣದ ಹಾಗೆ ಸುರುಳಿ ಸುತ್ತಿ ಕಡ್ಡಿಗೂ ಅವಳ ಉಗುರಿಗೂ ಅಂಟಿಕೊಂಡಿತು. ಮೂಗಿನ ಹತ್ತಿರ ಹಿಡಿದಳು. ಬೆವರಲ್ಲ, ಎಣ್ಣೆಯಲ್ಲ. ಗುರುತಿದೆ, ಏನೆಂದು ಹೊಳೆಯುತ್ತಿಲ್ಲ. ತಲೆಯೆತ್ತಿದಾಗ ಬೆಣ್ಣೆಬಾಯಿ ಕಿವಿಯಿಂದ ಬೆರಳು ಹೊರತೆಗೆದು, ಉಗುರಿನ ತುದಿಯನ್ನು ಅಭ್ಯಾಸಬಲದಿಂದ ನೋಡಿಕೊಳ್ಳುತ್ತಿದ್ದ. ಅಲ್ಲಿ ಅದೇ ಹಳದಿಗಪ್ಪು, ಅದೇ ಮೇಣ.

ಗುಗ್ಗೆ. ಇವನ ಕಿವಿಯ ಗುಗ್ಗೆ, ಅವಳ ಅಣ್ಣನ ಹೆಸರಿನೊಳಗೆ.

ಅರ್ಧ ಊರಿನ ಕೊಳೆ ತೊಳೆದವಳಿಗೆ ಕೊಳೆಯೆಂದರೆ ಹೇಸಿಗೆಯಿಲ್ಲ. ದುಡಿದ ಮೈ ಬಿಟ್ಟದ್ದು ಅದು. ಇದು ಯಾರೂ ದುಡಿದು ಬಿಟ್ಟದ್ದಲ್ಲ, ಕೂತಲ್ಲೇ ಕೂತು ತುಂಬಿದ್ದು. ಬಾಯಿಗೆ ಬಂದ ಹುಳಿಯನ್ನು ನುಂಗಿಕೊಂಡು, ಹಟ ಹಿಡಿದವಳಂತೆ ಚೀಲದಿಂದ ಪೆಟ್ರೋಲಿನ ಸೀಸೆ ತೆಗೆದಳು.

"ಅಯ್ಯೋ, ತೊಳೀಬೇಡಿ ಅಕ್ಕಾ! ಹಳೇತನ ಹೋಗ್ಬಿಡುತ್ತೆ!"

"ನಿನ್ನ ಕಿವೀಲಿ ಇನ್ನೂ ಬೇಕಾದಷ್ಟು ಹಳೇತನ ಇದೆಯಲ್ಲ, ಮತ್ತೆ ತುಂಬ್ಕೋ."

ತೊಳೆದಾಗ ಗೀರುಗಳು ನಿನ್ನೆ ಕೆತ್ತಿದಂತೆ ಬಿಳಿಯಾಗಿ ಹೊಳೆದವು. ಮುಚ್ಚಳವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಅಕ್ಷರಗಳ ಸುತ್ತ ಲೋಹ ತಗ್ಗಾಗಿತ್ತು. ಅರ ಹಾಕಿ ತಿಕ್ಕಿದ್ದಾರೆ. ತಿಕ್ಕಿದ್ದೂ ಪೂರ್ತಿಯಾಗಿಲ್ಲ: ಅಣ್ಣನ ಹೆಸರಿನ ಅಡಿಯಿಂದ ಬೇರಾವುದೋ ಅಕ್ಷರದ ಕೊಂಬು, ಇನ್ನಾವುದೋ ಅಕ್ಷರದ ಅರ್ಧ ಸೊನ್ನೆ ಇಣುಕುತ್ತಿದ್ದವು. ಇನ್ಯಾರದೋ ಅಣ್ಣ, ಇನ್ಯಾರದೋ ಅಪ್ಪ. ಅವನನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ ಇವಳ ಸತ್ತವನನ್ನು ಕೂರಿಸಿದ್ದರು.

ಆಮೇಲೆ ಅವಳ ಕಣ್ಣು ಮೊದಲಕ್ಷರದ ಬಾಲದ ಮೇಲೆ ನಿಂತಿತು. ಬಾಲದ ತುದಿಯಲ್ಲಿ, ಉಳಿ ಜಾರಿದಂತೆ, ಮೇಲಕ್ಕೆದ್ದ ಒಂದು ಗೀರು.

ಆ ಗೀರು ಅವಳಿಗೆ ಗೊತ್ತು. ಅಣ್ಣನ ಊಟದ ಡಬ್ಬಿಯ ಮುಚ್ಚಳದ ಮೇಲೆ ಅಪ್ಪ ಇದೇ ಎರಡಕ್ಷರ ಕೆತ್ತುತ್ತಿದ್ದಾಗ, ಚಿಕ್ಕವಳಾಗಿದ್ದ ಇವಳು ಮೇಜಿಗೆ ಡಿಕ್ಕಿ ಹೊಡೆದು ಉಳಿ ಜಾರಿತ್ತು. ಅಣ್ಣ ಸಾಯುವವರೆಗೂ "ಇದು ನನ್ನ ತಂಗಿಯ ಸಹಿ" ಎಂದು ಅದನ್ನು ತೋರಿಸಿ ನಗುತ್ತಿದ್ದ. ವಾಚಿನ ಮೇಲೆ ಅಪ್ಪ ಕೆತ್ತಿದಾಗ ಉಳಿ ಜಾರಿರಲಿಲ್ಲ. ಕೈತಪ್ಪಿ ಬಿದ್ದ ಗೀರು ಎರಡು ಕಡೆ ಒಂದೇ ಥರ ಬೀಳುವುದೂ ಇಲ್ಲ. ಯಾರೋ ಡಬ್ಬಿಯನ್ನು ಎದುರಿಗಿಟ್ಟುಕೊಂಡು, ತಪ್ಪನ್ನೂ ಬಿಡದೆ ನಕಲು ಮಾಡಿದ್ದರು.

ಡಬ್ಬಿ ಇರುವುದು ಅತ್ತಿಗೆಯ ಅಡುಗೆಮನೆಯಲ್ಲಿ.

ಅತ್ತೆ ಭೂತಗನ್ನಡಿ ತೆಗೆದು ಅಣ್ಣನ ಮಗನನ್ನು ಬರಿಗಣ್ಣಿನಿಂದ ನೋಡಿದಳು.

"ಡಬ್ಬಿ ವಾಪಸು ಇಟ್ಟೆಯೇನೋ? ಇಲ್ಲ, ಅದನ್ನೂ ಮಾರಿದ್ಯಾ?"

ಅವನ ಮುಖ ಸುಣ್ಣವಾಯಿತು. ಬೆಣ್ಣೆಬಾಯಿಗೆ ಮಾತ್ರ ತಡೆಯಲಾಗಲಿಲ್ಲ. "ಅವರು ಡಬ್ಬಿ ತಂದು ಹೀಗೇ ಬೇಕು ಅಂದ್ರು, ನಾವು ಹಾಗೇ ಮಾಡಿದ್ವಿ. ಗೀರು ಒಂದು ಕೂದಲೆಳೆ ತಪ್ಪಿಲ್ಲ, ನೋಡಿ!" ಆ ದನಿಯಲ್ಲಿ ನಾಚಿಕೆಯಿರಲಿಲ್ಲ, ಹೆಮ್ಮೆಯಿತ್ತು.

"ಅತ್ತೆ, ನಿನಗೋಸ್ಕರಾನೇ ಮಾಡಿದ್ದು" ಎಂದ ಅಣ್ಣನ ಮಗ. "ನೀನು ಹೂಂ ಅಂದ್ರೆ ಅಮ್ಮ ನಂಬ್ತಾಳೆ. ನಿನ್ನ ಮೇಲಿರೋ ಮಾತು ಹೋಗುತ್ತೆ. ಅವಳು ಆ ಕೀ ಎತ್ತಿಡೋದು ನಂಗೆ ನೋಡೋಕಾಗಲ್ಲ ಅತ್ತೆ."

"ಹತ್ತೊಂಬತ್ತು ವರ್ಷ ನೋಡಿದ್ಯಲ್ಲೋ."

ಅವನು ತಲೆ ತಗ್ಗಿಸಿದ. ವಾಚು ಕಾಣೆಯಾದ ದಿನ ಮಧ್ಯಾಹ್ನ ಅವಳಿಗೆ ಊಟ ತಂದುಕೊಟ್ಟವನು ಇವನೇ. ಹದಿನಾರರ ಹುಡುಗ. ಅವಳು ಕೈ ತೊಳೆಯಲು ಎದ್ದುಹೋಗಿದ್ದಳು. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿದ್ದಳು, ಒಮ್ಮೊಮ್ಮೆ ತನ್ನ ಮರೆವನ್ನೇ ಅನುಮಾನಿಸಿದ್ದಳು, ಇವನೊಬ್ಬನನ್ನು ಬಿಟ್ಟು. "ನೀನಾ?" ಎಂದು ಕೇಳಲೂ ಅವಳಿಗೆ ಹೇಸಿಗೆಯಾಯಿತು. ಅವನೂ ಅಲ್ಲವೆನ್ನಲಿಲ್ಲ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಮ್ಮ. ವಾಚಿನ ಸುದ್ದಿಗಾಗಿ ಬೆಳಿಗ್ಗೆಯಿಂದ ಕಾದು ಕೂತಿದ್ದಳು. ಅತ್ತೆ ಫೋನು ಕಿತ್ತುಕೊಂಡು, ದನಿ ಎಲ್ಲರಿಗೂ ಕೇಳುವಂತೆ ಒತ್ತಿ, ಮೇಜಿನ ಮೇಲಿಟ್ಟಳು.

"ಅತ್ತಿಗೆ, ಇದು ಅಣ್ಣನ ವಾಚಲ್ಲ."

"ಗೊತ್ತಿತ್ತು ಬಿಡು" ಎಂದಿತು ಫೋನಿನೊಳಗಿನ ದನಿ. "ಅದು ಎಲ್ಲಿದೆ ಅಂತ ತೆಗೆದುಕೊಂಡವರಿಗಲ್ವಾ ಗೊತ್ತಿರೋದು?"

"ಹೂಂ. ಅವನೇ ಹೇಳ್ತಾನೆ, ಕೇಳಿ."

ಅಣ್ಣನ ಮಗ ಬಾಗಿಲ ಕಡೆ ನೋಡಿದ, ವಾಚಿನ ಕಡೆ ನೋಡಿದ. ಬೆಣ್ಣೆಬಾಯಿ ವ್ಯಾಪಾರ ಮುಳುಗಿದ್ದನ್ನು ಅರಿತು ವಾಚನ್ನು ಮೆಲ್ಲಗೆ ಡ್ರಾಯರಿನೊಳಗೆ ಜಾರಿಸಿದ.

"ಅಮ್ಮ... ಅವತ್ತು ವಾಚು ತೆಗೆದಿದ್ದು ನಾನು. ಅತ್ತೆ ಅಲ್ಲ."

"ಪಕ್ಕದಲ್ಲಿ ನಿಂತು ಹೇಳಿಸ್ತಿದ್ದಾಳಾ? ಹೇಳು, ಹೇಳಿಸ್ತಿದ್ದಾಳಾ?"

ಅತ್ತೆಗೆ ನಗು ಬಂತು, ಅದೂ ಹುಳಿಹುಳಿಯಾಗಿತ್ತು.

"ಇಲ್ಲಮ್ಮ. ಆ ಕೆಂಪು ಬೂಟು ನೆನಪಿದೆಯಾ? ಗೆಳೆಯ ಕೊಟ್ಟ ಅಂದಿದ್ನಲ್ಲ. ವಾಚು ಮಾರಿ ತಗೊಂಡಿದ್ದು."

ಬೂಟನ್ನು ಅತ್ತೆಯೂ ಮರೆತಿರಲಿಲ್ಲ. ಈಗ ಅತ್ತಿಗೆ ಕೂಡ, ತಾನು ಇಲ್ಲಿ ಮುಚ್ಚಳ ಬಿಚ್ಚಿದ ಹಾಗೆ, ಅಲ್ಲಿ ಕೂತು ಮನಸ್ಸಿನಲ್ಲೇ ಆ ಬೂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆಂದು ಅವಳಿಗೆ ಗೊತ್ತಾಯಿತು.

"ನಿಮ್ಮಪ್ಪ" ಎಂದಿತು ಕೊನೆಗೆ ದನಿ, "ಪ್ರತಿ ಭಾನುವಾರ ಅದಕ್ಕೆ ಪಾಲಿಶ್ ಹಾಕಿಕೊಡ್ತಿದ್ರು."

"ಹೂಂ."

"ಬರಿಗೈ ನೋಡ್ಕೊಂಡು ಟೈಮೆಷ್ಟು ಅಂತ ನನ್ನ ಕೇಳೋರು. ಕೇಳ್ಕೊಂಡು ಪಾಲಿಶ್ ಹಾಕೋರು."

ಅವನು ತನ್ನ ಪಾದಗಳನ್ನು ನೋಡಿಕೊಂಡ.

ಅಂಗಡಿಯ ಮೂಲೆಯಲ್ಲೊಂದು ನಲ್ಲಿಯಿತ್ತು, ಕೆಳಗೆ ಕಲೆಗಟ್ಟಿದ ತೊಟ್ಟಿ. ಅತ್ತೆ ಅಲ್ಲಿಗೆ ಹೋದಳು. ಸೋಪಿನ ಚೂರಿನ ಮೇಲೆ ಯಾರದೋ ಕೂದಲು ಅಂಟಿತ್ತು. ಅದನ್ನು ಬಿಟ್ಟು, ಬರೀ ನೀರಿನಲ್ಲಿ ಬೆರಳುಗಳನ್ನು ಉಜ್ಜತೊಡಗಿದಳು. ಹತ್ತೊಂಬತ್ತು ವರ್ಷದ ಮಾತು ಬಿದ್ದುಹೋಯಿತು, ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಉಗುರಿನ ಸಂದಿಯ ಆ ಮೇಣ ಜಾರುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ.

"ಅವಳಿದ್ದಾಳಾ ಅಲ್ಲಿ?" ಎಂದು ಕೇಳಿತು ಫೋನು. "ಅವಳಿಗೊಂದು ಸಲ ಕೊಡು."

ಅಣ್ಣನ ಮಗ ಎರಡೂ ಕೈಯಲ್ಲಿ ಫೋನು ಹಿಡಿದು ನಲ್ಲಿಯ ಹತ್ತಿರ ಬಂದ. ಅತ್ತೆ ಹಿಂತಿರುಗಲಿಲ್ಲ.

"ಕೈ ಹೊಲಸಾಗಿದೆ ಅನ್ನು" ಎಂದಳು. "ಮನೆಗೆ ಹೋಗಿ, ಸರಿಯಾಗಿ ತೊಳ್ಕೊಂಡು, ಆಮೇಲೆ ನಾನೇ ಫೋನು ಮಾಡ್ತೀನಿ."