ಬೋರಲು ಹಾಕಿದ ಅಡಿಗಲ್ಲು

ನಾನು ಒಂದು ಅಡಿಗಲ್ಲು. ಚಕಮಕಿ ಕಲ್ಲು ಒಡೆಯುವವರು ನೆಲದಲ್ಲಿ ಅರ್ಧ ಹೂತು, ಮೇಲೆ ಆ ಚಕಮಕಿಯ ಉಂಡೆ ಇಟ್ಟು ಹೊಡೆಯುತ್ತಿದ್ದರಲ್ಲ, ಆ ಕೆಳಗಿನ ಕಲ್ಲು. ಕಲ್ಲಿನಂಥ ಎದೆ ಇದ್ದವರಿಗೆ ಭಯವಿಲ್ಲ ಎಂದು ಜನ ಆಡಿಕೊಳ್ಳುವುದನ್ನು ಕೇಳಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನಷ್ಟು ಪುಕ್ಕಲು ಆ ಸೀಮೆಯಲ್ಲೇ ಇಲ್ಲ ಎಂದು ಹೇಳುತ್ತಿದ್ದೆ.

ಹುಟ್ಟಿದ್ದು ಕರಿಗುಡ್ಡದಲ್ಲಿ. ಬೇಸಗೆಯಿಡೀ ಕಾದ ಬಂಡೆಯ ಮೇಲೆ ಮೊದಲ ಮಳೆ ಬಿದ್ದಾಗ ಥಟ್ಟನೆ ಸೀಳಿ ಬೇರೆಯಾದೆ. ಹಳ್ಳಕ್ಕೆ ಉರುಳಿದೆ. ನೀರಲ್ಲಿ ಹೊರಳಿ ಹೊರಳಿ ಮೈಯ ಮೂಲೆಗಳೆಲ್ಲ ಸವೆದವು. ಅಲ್ಲಿ ಹಾಯಾಗಿದ್ದೆ ಎನ್ನಬೇಕು, ಆದರೆ ಹಳ್ಳ ತುಂಬಿ ಬಂದಾಗಲೆಲ್ಲ ಇವತ್ತು ಎಲ್ಲಿಗೆ ಕೊಚ್ಚಿಹೋಗುತ್ತೇನೋ ಎಂಬ ದಿಗಿಲು ಇದ್ದೇ ಇತ್ತು.

ಒಂದು ಬೆಳಿಗ್ಗೆ ಚಕಮಕಿ ಒಡೆಯುವ ಯಂಕೋಬ ಬಂದ. ಸಣ್ಣ ಕಲ್ಲಿನಿಂದ ನನ್ನ ಮೈ ತಟ್ಟಿ, ಕಿವಿ ಹತ್ತಿರ ತಂದ. ನಾನು ಠಣ್ ಎಂದೆ. ಒಳಗೆ ಬಿರುಕಿಲ್ಲ ಎಂದು ಅವನಿಗೆ ಗೊತ್ತಾಯಿತು. ತಲೆಯ ಮೇಲೆ ಸಿಂಬಿ ಇಟ್ಟು ನನ್ನನ್ನು ಹೊತ್ತು ನಡೆದ, ತನ್ನ ಒಳಮನೆಯ ಬಾಗಿಲೆದುರಿಗೆ ಹೂತ.

ಆಗಿನ್ನೂ ಬೆಂಕಿಪೆಟ್ಟಿಗೆ ಆ ಕಡೆ ಬಂದಿರಲಿಲ್ಲ. ಒಲೆ ಹೊತ್ತಬೇಕಾದರೆ ಚಕಮಕಿ ಬೇಕು, ಉಕ್ಕಿನ ತುಂಡು ಬೇಕು, ಹತ್ತಿ ಬೇಕು. ಸುತ್ತಲ ಊರುಗಳಿಗೆಲ್ಲ ಚಕಮಕಿ ಯಂಕೋಬನದೇ. ಅವನ ಹತ್ತಿರ ನನ್ನ ಜೊತೆಗಾರರು ಮೂವರಿದ್ದರು. ಹೊಡೆಯಲು ಗುಂಡುಕಲ್ಲು, ಅಂಚು ಒತ್ತಿ ತಿದ್ದಲು ಜಿಂಕೆ ಕೊಂಬಿನ ತುದಿ, ತಿದ್ದುವಾಗ ತೊಡೆಯ ಮೇಲೆ ಹಾಸಲು ಮೇಕೆ ಚರ್ಮ. ಗುಂಡುಕಲ್ಲಿಗೆ ಜಂಬ ಜಾಸ್ತಿ, ತಾನೇ ಎಲ್ಲ ಒಡೆಯುವುದು ಎಂದು. ಅದು ಅರ್ಧ ಸುಳ್ಳು. ಅದು ಮೇಲಿಂದ ಕೊಟ್ಟ ಏಟನ್ನು ನಾನು ಕೆಳಗಿನಿಂದ ವಾಪಸ್ಸು ಕೊಡಬೇಕು. ಎರಡೂ ಏಟು ನಡುವೆ ಸೇರಿದಾಗಲೇ ಉಂಡೆ ನೆಟ್ಟಗೆ ಸೀಳುವುದು. ಹಾಗೆಂದರೆ, ಹಾರುವ ಚೂರುಗಳಲ್ಲಿ ಅರ್ಧ ನನ್ನಿಂದಲೇ ಹಾರುತ್ತಿದ್ದವು. ನನ್ನ ಭಯಕ್ಕೆ ಕಾರಣ ಅದೇ.

ಯಂಕೋಬನಿಗೆ ಒಂದೇ ಕಣ್ಣು. ಎಡಗಣ್ಣು ನನಗಿಂತ ಹಿಂದಿನ ಅಡಿಗಲ್ಲಿನ ಮೇಲೆ ಒಡೆಯುವಾಗ ಚೂರು ಸಿಡಿದು ಹೋಗಿತ್ತು. ಆ ಕಲ್ಲನ್ನು ಅವನ ಹೆಂಡತಿ ದ್ಯಾವಮ್ಮ ಶಾಪ ಹಾಕುತ್ತಾ ಬಾವಿಗೆ ದೂಡಿದ್ದಳಂತೆ. ನಾನು ಬಂದ ದಿನ ಅವಳು ನನ್ನನ್ನು ದುರುಗುಟ್ಟಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಒಂದೇ ಕಣ್ಣಿನವರಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಏಟು ಬಿದ್ದು ಬಿದ್ದು ನನ್ನ ನೆತ್ತಿಯಲ್ಲಿ ಆದ ಗುಳಿಯನ್ನು ಯಂಕೋಬ ನಂಬಿಕೊಂಡ. ಬೆರಳಿನಿಂದ ಗುಳಿ ಮುಟ್ಟಿ ಅಲ್ಲಿ ಉಂಡೆ ನಿಲ್ಲಿಸಿದರೆ ಬಲಗೈ ತಾನಾಗಿ ಅಲ್ಲಿಗೇ ಬರುತ್ತಿತ್ತು. ಕೆಲಸ ಮುಗಿದ ಮೇಲೆ ದ್ಯಾವಮ್ಮ ಒಳಮನೆಯ ಕತ್ತಲ ಮೂಲೆಯಲ್ಲಿ ಪ್ರತಿಯೊಂದು ಚಕಮಕಿಯನ್ನೂ ಉಕ್ಕಿಗೆ ಬಡಿದು ನೋಡುವಳು. ಕಿಡಿ ಕೊಡದ ಕಲ್ಲನ್ನು ಆ ಮನೆಯವರು ಮಾರುತ್ತಿರಲಿಲ್ಲ. ಯಂಕೋಬ ಅಲ್ಲೇ ಕೂತು ನೋಡುವನು. ಕಿಡಿ ನೋಡುತ್ತಿದ್ದನೋ, ಕಿಡಿಯ ಬೆಳಕಲ್ಲಿ ಅವಳ ಮುಖ ನೋಡುತ್ತಿದ್ದನೋ, ನನಗೇನು ಗೊತ್ತು!

ಒಂದು ಸಲ ಚೂರು ಸಿಡಿದು ಅವನ ಬಲಹುಬ್ಬು ಸೀಳಿತು. ರಕ್ತ ನನ್ನ ಗುಳಿಗೇ ತೊಟ್ಟಿಕ್ಕಿತು. ದ್ಯಾವಮ್ಮ ಅರಿಸಿನ ಒತ್ತುತ್ತಾ, "ಸಾಕ್ರಿ ಇನ್ನ. ಈ ಕೆಲ್ಸ ಬಿಟ್ಟುಬಿಡ್ರಿ" ಎಂದು ಅತ್ತಳು. ಅವನು, "ಹುಬ್ಬಿಗೆ ಬಡದದ, ಕಣ್ಣಿಗೇನಾಗ್ಯಾದ?" ಎಂದು ನಕ್ಕ.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮಹಾನವಮಿ ಬಂತು. ಆಯುಧ ಪೂಜೆಗೆಂದು ನನ್ನನ್ನು ಕಿತ್ತು ತೊಳೆದಳು. ತಿರುಗಿ ಹೂಳುವಾಗ ಬೋರಲು ಹಾಕಿದಳು. ಗುಳಿ ಮಣ್ಣಿಗೆ ಹೋಯಿತು, ನುಣ್ಣನೆಯ ಹೊಟ್ಟೆ ಮೇಲೆ ಬಂತು. ಅದರ ಮೇಲೆ ಎಣ್ಣೆ, ಅರಿಸಿನ, ಕುಂಕುಮ ದಪ್ಪಗೆ ಬಳಿದಳು. ಗುಳಿ ಸಿಗದಿದ್ದರೆ ಗಂಡ ತಾನಾಗಿ ಕೆಲಸ ಬಿಡುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ಮರುದಿನ ಯಂಕೋಬ ಬಂದು ಕೂತ. ಬೆರಳಾಡಿಸಿದ. ಗುಳಿ ಇಲ್ಲ. "ಪೂಜಿ ಅರಿಶಿಣ ತುಂಬಿ ಗುಳಿ ಮುಚ್ಚ್ಯಾದ" ಎಂದು ತನಗೆ ತಾನೇ ಹೇಳಿಕೊಂಡ. ನಡುಮಧ್ಯ ಅಂದಾಜು ಮಾಡಿ ಉಂಡೆ ನಿಲ್ಲಿಸಿದ. ಅಯ್ಯೋ, ನನ್ನ ಹೊಟ್ಟೆ ಉಬ್ಬಿದ್ದು, ಮೇಲೆ ಎಣ್ಣೆ ಬೇರೆ! ಏಟು ಬಿದ್ದರೆ ಉಂಡೆ ಜಾರುತ್ತದೆ, ಜಾರಿದ ಉಂಡೆ ಅಡ್ಡಾದಿಡ್ಡಿ ಒಡೆಯುತ್ತದೆ, ಅವನು ಕಣ್ಣು ಕಿರಿದು ಮಾಡಿ ಇಷ್ಟು ಹತ್ತಿರ ಬಗ್ಗಿದ್ದಾನೆ. ಕೂಗಲು ನನಗೆ ಬಾಯಿಲ್ಲ, ಅಲುಗಾಡಲು ಕಾಲಿಲ್ಲ. ಗುಂಡುಕಲ್ಲು ಮೇಲೆದ್ದಿತು.

"ಹೊಡಿಬ್ಯಾಡ್ರೀ!" ಬಾಗಿಲಲ್ಲಿ ನಿಂತಿದ್ದ ದ್ಯಾವಮ್ಮ ಚೀರಿದಳು. "ಕಲ್ಲ ಬೋರಲ ಹಾಕೀನಿ!"

ಅವನ ಕೈ ಗಾಳಿಯಲ್ಲೇ ನಿಂತಿತು. ಮೆಲ್ಲನೆ ಗುಂಡುಕಲ್ಲು ಕೆಳಗಿಟ್ಟ. "ಯಾಕ?" ಎಂದ.

"ಇರೂದು ಒಂದ ಕಣ್ಣ. ಅದೂ ಹೋದ್ರ ನನ್ನ ಮಾರಿ ಹ್ಯಾಂಗ ನೋಡ್ತೀರಿ?"

ಅವನು ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ನನ್ನನ್ನು ಕಿತ್ತು ಮತ್ತೆ ನೆಟ್ಟಗೆ ಹೂತ. "ಬಾ, ನೀ ಕುಂದ್ರು" ಎಂದು ಗುಂಡುಕಲ್ಲನ್ನು ಅವಳ ಕೈಗೆ ಕೊಟ್ಟ.

ಅಂದಿನಿಂದ ಏಟು ಅವಳದು, ಕಿವಿ ಅವನದು. ಅವಳು ಉಂಡೆಯನ್ನು ಒದ್ದೆ ಮೇಕೆ ಚರ್ಮದಲ್ಲಿ ಸುತ್ತಿ ತುದಿ ಮಾತ್ರ ಹೊರಗೆ ಬಿಡುತ್ತಿದ್ದಳು. ಚೂರು ಚರ್ಮದೊಳಗೇ ಉಳಿಯುತ್ತಿತ್ತು. ಅವನು ಎದುರು ಕೂತು ಅಂಗೈಯನ್ನು ನನ್ನ ಪಕ್ಕೆಗೆ ಒತ್ತಿ, ಸದ್ದು ಕೇಳಿ, ಏಟು ಸರಿ ಬಿತ್ತೋ ಇಲ್ಲವೋ ಹೇಳುವನು. ಪ್ರತಿ ಏಟಿಗೂ ಮುಂಚೆ ಅವಳು, "ಕಣ್ಣ ಮುಚ್ರಿ" ಎನ್ನುವಳು. ಅವನು ಮುಚ್ಚುವನು. ಸಂಜೆ ಮೂಲೆಯಲ್ಲಿ ಉಕ್ಕು ಎತ್ತಿದಾಗ, "ಈಗ ತೆಗೀರಿ" ಎನ್ನುವಳು. ನನ್ನ ಹೆದರಿಕೆಯೇನೂ ಹೋಗಲಿಲ್ಲ. ಅವಳಿಗೂ ಕಣ್ಣುಗಳಿದ್ದವಲ್ಲ, ಅದೊಂದು ಹೊಸ ಚಿಂತೆ ಸೇರಿಕೊಂಡಿತು.

ಬೆಂಕಿಪೆಟ್ಟಿಗೆ ಬಂತು. ಚಕಮಕಿ ಕೇಳುವವರು ಕಡಿಮೆಯಾದರು, ಆಮೇಲೆ ಇಲ್ಲವೇ ಇಲ್ಲ. ಇಬ್ಬರಿಗೂ ವಯಸ್ಸಾಗಿತ್ತು, ಹೇಗೋ ನಡೆಯಿತು. ಒಂದು ಮಧ್ಯಾಹ್ನ ಯಂಕೋಬ ಒಳಮನೆಯಲ್ಲಿ ಮಲಗಿದ್ದವನು ಏಳಲಿಲ್ಲ. ಅವನ ಬಲಗಣ್ಣು ತೆರೆದೇ ಇತ್ತು. ಪಕ್ಕದ ಮನೆಯ ಕಾಶಿಂಬಿ ಅದನ್ನು ಮುಚ್ಚಲು ಕೈ ಚಾಚಿದಳು. "ತಡಿಯವ್ವಾ" ಎಂದಳು ದ್ಯಾವಮ್ಮ. ಗೂಡಿನಿಂದ ಹಳೆಯ ಚಕಮಕಿ, ಉಕ್ಕು ತಂದಳು. ತನ್ನ ಮುಖದ ಹತ್ತಿರ ಹಿಡಿದು ಬಡಿದಳು. ಕಿಡಿ ಹಾರಿತು. ಆಮೇಲೆ ತಾನೇ ಅವನ ರೆಪ್ಪೆಯ ಮೇಲೆ ಕೈಯಿಟ್ಟು, "ಈಗ ಮುಚ್ರಿ" ಎಂದಳು.

ದ್ಯಾವಮ್ಮ ತೀರಿಹೋದ ಮೇಲೆ ಕಾಶಿಂಬಿ ನನ್ನನ್ನು ತನ್ನ ಅಂಗಳಕ್ಕೆ ಉರುಳಿಸಿಕೊಂಡಳು. ಈಗ ಅವಳ ಮೊಮ್ಮಗಳು ಮಾಬೂಬಿಯ ಮನೆಯ ನೀರಿನ ನಲ್ಲಿಯ ಪಕ್ಕದಲ್ಲಿ ಇದ್ದೇನೆ. ನನ್ನ ಗುಳಿಯಲ್ಲಿಟ್ಟು ಬಾದಾಮಿ ಕಾಯಿ ಒಡೆಯುತ್ತಾರೆ. ಬಾದಾಮಿ ಕಾಯಿಗೆ ಹೆದರುವ ಅಡಿಗಲ್ಲೇ ಎಂದು ನೀವು ನಗಬಹುದು. ಆದರೂ ಕಲ್ಲು ಮೇಲೆದ್ದಾಗಲೆಲ್ಲ ನನಗೆ ಅದೇ ಹಳೆಯ ದಿಗಿಲು.

ಮೊನ್ನೆ ಮಾಬೂಬಿ ಒಡೆಯುತ್ತಿದ್ದಾಗ ಅವಳ ಗಂಡ ನೋಡಲು ಬಗ್ಗಿದ. ಕೈ ಎತ್ತಿದವಳು ಹಾಗೇ ನಿಲ್ಲಿಸಿ, "ಕಣ್ಣ ಮುಚ್ರಿ" ಎಂದಳು. ಅವಳ ಅಜ್ಜಿ ಕಾಶಿಂಬಿಯೂ ಹಾಗೇ ಹೇಳುತ್ತಿದ್ದಳು. ಅಜ್ಜಿ ಅದನ್ನು ಯಾರಿಂದ ಕಲಿತಳು ಎಂದು ಮಾಬೂಬಿಗೆ ಗೊತ್ತಿಲ್ಲ. ಅವನು ಕಣ್ಣು ಮುಚ್ಚಿದ. ಏಟು ಬಿತ್ತು. ನಾನು ಅದನ್ನು ಆದಷ್ಟು ಮೆಲ್ಲಗೆ ವಾಪಸ್ಸು ಕೊಟ್ಟೆ.